ಜಗ್ಗಿದರೂ ಬಾರದ ನಾಲ್ಕು ಮೇಲ್ಹಲ್ಲುಗಳ ಸನ್ನಿಧಾನಕ್ಕೆ

ಮಾನ್ಯರೇ,

ನನ್ನ ಮೇಲ್ದವಡೆಯ ಮುಂಬಾಗಿಲಲ್ಲಿ ಸಾಲಾಗಿ ನಿಂತು ಹಗಲಿರುಳು ಪಹರೆ ಕಾಯುತ್ತಿರುವ ನಾಲ್ವರು ಮಹನೀಯರಿಗೆ, ತಮ್ಮ ಬೆನ್ನ ಹಿಂದೆಯೇ ವಾಸವಾಗಿರುವ ನಾಲಿಗೆಯ ಮಾಲೀಕ, ಹುಲಗೂರಿನ ಉಡಚಪ್ಪನ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂಬುದನ್ನು ಇಂದು ಮುಂಜಾನೆಯೂ ಕಬ್ಬು ಸುಲಿದು ಖಾತ್ರಿ ಮಾಡಿಕೊಂಡಿದ್ದೇನೆ. ಬಾಯೊಳಗಿರುವವರಿಗೆ ಬಹಿರಂಗ ಪತ್ರವೇಕೆಂದು ತಾವು ಕೇಳಬಹುದು. ತಮ್ಮಿಂದಾದ ಅವಮಾನವೂ ಬಹಿರಂಗವಾಗಿಯೇ ಆಯಿತಾದ್ದರಿಂದ.

ತಾವು ಅಧಿಕಾರ ವಹಿಸಿಕೊಂಡ ಬಗೆಯನ್ನು ಓದುಗರಿಗಾಗಿ ನೆನಪಿಸುತ್ತೇನೆ. ಹತ್ತನೆಯ ಇಯತ್ತೆಯಲ್ಲಿ ಕೂತಲ್ಲಿ ಕೂರಲಾಗದೆ ಸಾಲಿ ಬಿಟ್ಟ ನಾನು, ಸವಣೂರಿನ ವೀಳ್ಯದೆಲೆಯನ್ನು ಮುಂಬಯಿಗೆ ಒಯ್ಯುವ ಅಕ್ಬರಸಾಬರ ಲಾರಿಯಲ್ಲಿ ಕ್ಲೀನರನಾದೆ. ಅಲ್ಲೊಂದು ದಿನ ಇಂಜಿನ್ ಚಾಲೂ ಮಾಡಲು ಹಾಕಿದ ಹ್ಯಾಂಡಲ್ ತಿರುಗಿ ಬಡಿದು, ತಮ್ಮ ಪೂರ್ವಾಧಿಕಾರಿಗಳು ನಾಲ್ವರೂ ರಸ್ತೆಯ ಮೇಲೆ ನಿವೃತ್ತರಾದರು. ಅಕ್ಬರಸಾಬರು ಸೇರಿಸಿದ ಮುಂಬಯಿಯ ಆಸ್ಪತ್ರೆಯಲ್ಲಿ, ಪರದೇಶದ ಹೊಸ ವಿದ್ಯೆ ಕಲಿತು ಬಂದ ವೈದ್ಯರೊಬ್ಬರು ಅದನ್ನು ಪ್ರಯೋಗಿಸಲು ಒಂದು ಬಾಯಿ ಹುಡುಕುತ್ತಿದ್ದರು. ಎಲುಬಿಗೇ ಸ್ಕ್ರೂ ತಿರುಗಿಸಿ, ಎಲುಬು ಅದನ್ನು ಕಚ್ಚಿ ಹಿಡಿಯಲೆಂದು ತಿಂಗಳುಗಟ್ಟಲೆ ಕಾದು, ಆಮೇಲೆ ತಮ್ಮನ್ನು ಪ್ರತಿಷ್ಠಾಪಿಸಿದರು. ಅವರ ಕಸುಬುದಾರಿಕೆ ಎಂಥದೆಂದರೆ, ನಮ್ಮೂರ ಬಾವಿಯ ನೀರು ಕುಡಿದವರ ಹಲ್ಲಿಗೆ ಬೀಳುವ ಕಂದು ಗೆರೆಯನ್ನೂ ತಮ್ಮ ಮೈಮೇಲೆ ಮರೆಯದೆ ಎಳೆದಿದ್ದರು.

ತಕರಾರು ಇರುವುದೇ ಇಲ್ಲಿ. ನಮ್ಮ ಕಡೆ ಕಟ್ಟಿಸಿದ ಹಲ್ಲೆಂದರೆ ರಾತ್ರಿ ನೀರಿನ ಲೋಟದಲ್ಲಿ ಮಲಗುವ ಸೆಟ್ಟು. ಅದು ವಿನಯವಂತ ಪ್ರಾಣಿ; ಯಾರಾದರೂ ಸಂಶಯಪಟ್ಟರೆ ಅಂಗೈ ಮೇಲೆ ಬಂದು ಸಾಕ್ಷಿ ಹೇಳುತ್ತದೆ. ತಾವೋ, ಕೂತ ಕುರ್ಚಿ ಬಿಡದ ಘನವಂತರು.

ಕಳೆದ ತಿಂಗಳು ಅವ್ವ ಭರಮವ್ವನೊಂದಿಗೆ ದುಂಡಸಿಗೆ ಕನ್ಯೆ ನೋಡಲು ಹೋದಾಗ ತಾವೂ ಜೊತೆಗಿದ್ದಿರಿ. ಚಹಾ ತಂದ ಕರೆವ್ವ ನನಗೆ ನೋಡಿದ ಕೂಡಲೇ ಮನಸ್ಸಿಗೆ ಬಂದಳು. ಅದಕ್ಕೇ ಮೋಸ ಮಾಡಿ ಮದುವೆಯಾಗಲು ಮನಸ್ಸಾಗಲಿಲ್ಲ. ಅವ್ವ ತೊಡೆ ಚಿವುಟುತ್ತಿದ್ದರೂ ಹುಡುಗಿಯ ತಂದೆ ಗುತ್ತೆಪ್ಪನವರಿಗೆ ಹೇಳಿಯೇಬಿಟ್ಟೆ: “ಮ್ಯಾಲಿನ ಈ ನಾಕು ಹಲ್ಲು ನನ್ನವಲ್ರಿ. ಎಲುಬಿಗೆ ಸ್ಕ್ರೂ ಹಾಕಿ ಕೂಡಿಸ್ಯಾರ.”

“ಎಲ್ಲಿ, ತಗದು ತೋರಸು.”

“ತಗ್ಯಾಕ ಬರೂದಿಲ್ರಿ.”

ಗುತ್ತೆಪ್ಪನವರು ದನದ ಪೇಟೆಯ ದಲಾಲರು. ಎತ್ತಿನ ಬಾಯಿ ತೆರೆದು, ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ಅವರ ಮಾತಿಗೆ ಎದುರು ಮಾತಿಲ್ಲ. ಎದ್ದು ಬಂದವರೇ ನನ್ನ ತುಟಿ ಎತ್ತಿ, ಹೆಬ್ಬೆರಳಿನಿಂದ ತಮ್ಮನ್ನು ಒತ್ತಿ, ಅಲುಗಿಸಿ, ಜಗ್ಗಿದರು. ಆ ಕ್ಷಣದಲ್ಲಿ ತಮ್ಮಲ್ಲೊಬ್ಬರಾದರೂ ಸೌಜನ್ಯಕ್ಕಾಗಿ ಸ್ವಲ್ಪ ಅಲುಗಬಾರದಿತ್ತೇ?

“ಹುಟ್ಟಿದಾಗಿಂದ ಹಲ್ಲು ನೋಡಕೋತ ಬಂದಾಂವಗ ಹೇಳ್ತೀಯೇನಲೇ? ಇವು ಖರೇ ಹಲ್ಲು! ಹುಡುಗಿ ಬ್ಯಾಡಾದ್ರ ಬ್ಯಾಡನ್ನು. ಹಲ್ಲಿನ ಮ್ಯಾಲ ಯಾಕ ಹಾಕ್ತಿ? ಏಳು ಮ್ಯಾಲೆ!”

ಖರೆ ಹೇಳಿದವನು ಸುಳ್ಳನಾದೆ. ಸುಳ್ಳು ಹಲ್ಲುಗಳಾದ ತಾವು ಖರೆಯಾದಿರಿ. ಚಪ್ಪಲಿ ಹುಡುಕುತ್ತಿದ್ದೆ. ಆಗ ಬಾಗಿಲ ಮರೆಯಿಂದ ಕರೆವ್ವನ ದನಿ ಬಂತು.

“ಅಪ್ಪಾ, ಎತ್ತಿಗೆ ಮುಂದ ಮ್ಯಾಲಿನ ಹಲ್ಲು ಎಲ್ಲಿರ್ತಾವು? ನೀ ಇಷ್ಟು ದಿನ ನೋಡಿದ್ದೆಲ್ಲಾ ಕೆಳಗಿನವು. ಮ್ಯಾಲಿನವು ನಿನಗೇನು ತಿಳೀತಾವು? ಸುಳ್ಳು ಹೇಳಾಂವ ಆಗಿದ್ರ ತನ್ನವ ಅಂತಿದ್ದ.”

ಗುತ್ತೆಪ್ಪನವರು ಅಂಗಳಕ್ಕೆ ಹೋಗಿ, ಕಟ್ಟಿದ್ದ ಎತ್ತಿನ ಮೇಲ್ದುಟಿ ಎತ್ತಿ ಬಹಳ ಹೊತ್ತು ಬರಿಯ ವಸಡನ್ನೇ ನೋಡಿದರು. ಒಳಗೆ ಬಂದು ಕೂತು, ನನ್ನ ಮುಖ ನೋಡದೆ, “ಸಕ್ಕರಿ ತರ್ರಿ” ಎಂದರು. ಸಂಬಂಧ ಕುದುರಿತು.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಮದುವೆಯ ದಿನ ಬೀಗರ ಕಡೆಯ ಯಾರಾದರೂ ಮತ್ತೆ ಹೆಬ್ಬೆರಳು ಚಾಚಿದರೆ ದಯವಿಟ್ಟು ಒಮ್ಮೆ ಎದ್ದು ನಿಂತು, ಸಭೆಗೆ ಕೈಮುಗಿದು, ತಾವು ಮುಂಬಯಿಯವರೆಂದು ಸ್ವತಃ ಹೇಳಿ, ಮರಳಿ ಸ್ವಸ್ಥಾನ ಸೇರಬೇಕು. ಅದಾಗದಿದ್ದರೆ ವರ್ಷಕ್ಕೊಂದು ರಾತ್ರಿಯಾದರೂ ಲೋಟದಲ್ಲಿ ಮಲಗಬೇಕು. ಲೋಟ ನಾನೇ ತೊಳೆದಿಡುತ್ತೇನೆ.

ತಮ್ಮನ್ನು ಹೊತ್ತು ತಿರುಗುವ ವಿಶ್ವಾಸಿ,
ಉಡಚಪ್ಪ
ಹುಲಗೂರು, ೧೯೮೮

ತಾ.ಕ.: ಈ ಪತ್ರವನ್ನು ಕರೆವ್ವನಿಗೆ ಓದಿ ಹೇಳಿಸಿದೆ. ಅವಳಿಗೆ ತಮ್ಮ ಮೇಲೆ ಯಾವ ತಕರಾರೂ ಇಲ್ಲವಂತೆ. ಹಲ್ಲನ್ನು ಇಷ್ಟು ಗಟ್ಟಿಯಾಗಿ ಕೂಡಿಸಿದ ಡಾಕ್ಟರು, ಹಿಂದಿರುವ ನಾಲಿಗೆಗೂ ಒಂದು ಸ್ಕ್ರೂ ಯಾಕೆ ಹಾಕಲಿಲ್ಲವೆಂದು ಮಾತ್ರ ಕೇಳಿ ಕಳಿಸಿದ್ದಾಳೆ.