ಒಂದು ಗಿಳಿ ಕಡಿಮೆಯಾದ ಬೋರ್ಡು

ರಬಕವಿಯ ನಮ್ಮ ಸೀರೆ ಅಂಗಡಿಗೆ ಅಪ್ಪ ಇಟ್ಟ ಹೆಸರು ಬೇರೆಯೇ ಇದೆ. ಅದನ್ನು ಕರೆಂಟು ಬಿಲ್ಲಿನವರನ್ನು ಬಿಟ್ಟರೆ ಯಾರೂ ಬಳಸುವುದಿಲ್ಲ. ಬೋರ್ಡಿನ ಮೇಲೆ ಎದುರುಬದುರು ಕುಳಿತ ಎರಡು ಗಿಳಿಗಳಿದ್ದುದರಿಂದ ಊರಿಗೆಲ್ಲ ನಾವು 'ಜೋಡಿ ಗಿಳಿ ಅಂಗಡಿ'. ಅಪ್ಪ ತೀರಿದ ಮೇಲೆ ಅಣ್ಣ ನೇಕಾರರ ಕಡೆ ಓಡಾಡಿ ಮಾಲು ತರುತ್ತಾನೆ, ನಾನು ಗಲ್ಲಾದ ಮೇಲೆ ಕೂರುತ್ತೇನೆ. ಕೂತು ಕೂತು ತಲೆಗೆ ವಿಚಾರಗಳು ಬರುತ್ತವೆ. ಎಲ್ಲ ಅನಾಹುತಕ್ಕೂ ಅದೇ ಮೂಲ.

ಒಂದು ದಿನ ಗಿರಾಕಿಯಿಲ್ಲದೆ ಮೊಬೈಲ್ ನೋಡುತ್ತಿದ್ದಾಗ ಒಬ್ಬ ಮಹಾಶಯ ಅದರಲ್ಲಿ ಅಪ್ಪಣೆ ಕೊಡಿಸಿದ: ಲೋಗೋ ಬದಲಿಸಿ, ಜನ ನಿಮ್ಮ ಬ್ರ್ಯಾಂಡಿನ ಬಗ್ಗೆ ಮಾತಾಡುತ್ತಾರೆ. ನಮ್ಮದೂ ಒಂದು ಬ್ರ್ಯಾಂಡು ಎಂಬುದು ನನಗೆ ಹೊಳೆದದ್ದೇ ಆಗ.

ಅಣ್ಣ ಮುಧೋಳದಲ್ಲಿರುವ ಮಗಳ ಮನೆಗೆ ಹೋಗಿದ್ದ. ಅವನು ಬರುವುದರೊಳಗೆ ಹೊಸ ಬೋರ್ಡು ಏರಿಸಿ ಬೆರಗುಗೊಳಿಸೋಣವೆಂದು ಜಮಖಂಡಿಯ ಡಿಸೈನರ್ ಹತ್ತಿರ ಹೋದೆ. ಆತ ಕಣ್ಣು ಕಿರಿದು ಮಾಡಿ, "ಎರಡು ಗಿಳಿ ಗದ್ದಲ ಆಗತೈತ್ರಿ ಸರ್. ಮೊಬೈಲ್‌ನ್ಯಾಗ ಮೆಂತೆಪಲ್ಲೆ ಕಟ್ಟು ಇದ್ದಂಗ ಕಾಣತೈತಿ. ಒಂದ ಸಾಕು" ಎಂದ. ತಜ್ಞನ ಮಾತು. ಒಂದನ್ನು ತೆಗೆಸಿದೆ. ಹಳೆಯ ಬೋರ್ಡು ಗುಜರಿಗೆ ಹೋಯಿತು.

ಹೊಸದನ್ನು ತಲೆಯೆತ್ತಿ ನೋಡಿದ ಹೆಂಡತಿ, "ಭಾವಾರನ್ನ ಒಂದ್ ಮಾತು ಕೇಳಬಾರದೇನ್ರಿ?" ಎಂದಳು.

"ಇದು ಮಾರ್ಕೆಟಿಂಗ್. ನಿನಗ ತಿಳಿಯಂಗಿಲ್ಲ ಬಿಡು."

ಸಂಜೆಯ ಹೊತ್ತಿಗೆ ಜನ ಮಾತಾಡತೊಡಗಿದರು! ಎದುರಿನ ಚಹಾದಂಗಡಿಯವನು ಕಪ್ಪು ಇಟ್ಟು ಮೆಲ್ಲಗೆ ಕೇಳಿದ: "ಭಾಗ ಯಾವಾಗ ಆತ್ರಿ?"

"ಯಾರ ಭಾಗ?"

"ಮುಚ್ಚಿಡಬ್ಯಾಡ್ರಿ. ಇದ್ದದ್ದು ಎರಡು ಗಿಳಿ. ಈಗ ಒಂದ ಐತಿ."

ನಮ್ಮ ಕಡೆ ಅಂಗಡಿಯ ಬೋರ್ಡು ಬದಲಾಯಿತೆಂದರೆ ಅಣ್ಣತಮ್ಮಂದಿರು ಬೇರೆಯಾದರು ಎಂದೇ ಅರ್ಥ. ಇಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿತ್ತು. ಬ್ರ್ಯಾಂಡು ತಲೆಗೇರಿದ್ದರಿಂದ ನೆನಪಾಗಲಿಲ್ಲ. ಮರುದಿನ ಚಿಮ್ಮಡದ ಗಿರಾಕಿಯೊಬ್ಬಳು ಸೀರೆ ಆರಿಸುವುದು ಬಿಟ್ಟು, "ದೊಡ್ಡಾವ್ರ ಪಾಲಿಗೆ ಏನ್ ಬಂತ್ರಿ?" ಎಂದು ವಿಚಾರಿಸಿದಳು. ಅವಳ ಹಿಂದೆಯೇ ಲೋಕಾಪುರದಿಂದ ನಮ್ಮ ಸೋದರಮಾವ ಬಸ್ಸಿಳಿದು ಬಂದು, ನೀರು ಸಹ ಕುಡಿಯದೆ ಗದರಿಸಿದ: "ನಾ ಸತ್ತಿದ್ನೇನಲೇ? ಹಿರ್ಯಾರು ಇಲ್ದ ಹೆಂಗ ಬ್ಯಾರೆ ಆದ್ರಿ?"

"ಭಾಗ ಆಗಿಲ್ಲ ಮಾವಾ. ಬೋರ್ಡಷ್ಟ ಬದಲಾಗೇತಿ."

"ಎಲ್ಲಾರೂ ಮೊದಲು ಹಂಗ ಅಂತಾರ" ಎಂದು ಮಾವ ಧೋತರ ಕೊಡವಿಕೊಂಡು ಕುಳಿತೇಬಿಟ್ಟ.

ಸುದ್ದಿ ಮುಧೋಳವನ್ನೂ ಮುಟ್ಟಿತ್ತು. ಅಣ್ಣನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಊರು ಏನಾದರೂ ಅಂದುಕೊಳ್ಳಲಿ, ಅಣ್ಣನೂ ಹಾಗೇ ಅಂದುಕೊಂಡರೆ ನಾನು ಯಾರಿಗೆ ಹೇಳಿಕೊಳ್ಳಲಿ?

ಮಧ್ಯಾಹ್ನ ಅಣ್ಣ ಬಂದ. ಚೀಲ ಹಿಡಿದುಕೊಂಡೇ ರಸ್ತೆಯಲ್ಲಿ ನಿಂತು ಬೋರ್ಡು ನೋಡಿದ. ನಾನು ಮೊಬೈಲಿನ ಮಹಾಶಯ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಇರ್ಲಿ. ಉಳಿಸಿದ್ದು ಯಾವ ಗಿಳಿ?" ಎಂದ.

ಚಿಕ್ಕವರಿದ್ದಾಗ ನಾವು ಗಿಳಿಗಳನ್ನು ಹಂಚಿಕೊಂಡಿದ್ದೆವು. ಬಸ್‌ಸ್ಟ್ಯಾಂಡಿನ ಕಡೆ ಮುಖ ಮಾಡಿದ್ದು ಅವನದು, ಹೊಳೆಯ ಕಡೆ ಮುಖ ಮಾಡಿದ್ದು ನನ್ನದು. ಮೇಲೆ ನೋಡಿದೆ. ಗಿಳಿ ಹೊಳೆಯ ಕಡೆ ನೋಡುತ್ತಿತ್ತು. ನಾನು ಬೇಕೆಂದು ಮಾಡಿರಲಿಲ್ಲ. ಆದರೆ ತೆಗೆಸುವಾಗ ಅದು ಯಾರದೆಂದು ನೋಡಿಯೂ ಇರಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು.

"ತಪ್ಪಾತು ಅಣ್ಣಾ" ಎಂದೆ.

"ಚಹಾ ತರಿಸು. ಮಾವ ಬಂದಾನ" ಎಂದು ಅವನು ಒಳಗೆ ಹೋದ.

ಊರಿನ ಪೇಂಟರನನ್ನು ಕರೆಸಿ ನೆನಪಿನಿಂದಲೇ ಜೋಡಿ ಗಿಳಿ ಬರೆಸಿದೆ. ಜನ ಮತ್ತೆ ಮಾತಾಡಿದರು: ಅಣ್ಣತಮ್ಮಂದಿರು ಕೂಡಿದರಂತೆ, ಲೋಕಾಪುರದ ಮಾವ ಕೂಡಿಸಿದನಂತೆ. ಆಗದ ಭಾಗವನ್ನು ಬಗೆಹರಿಸಿದ ಮಾವನಿಗೆ ಈಗ ಬೇರೆಯವರ ಮನೆಯ ಜಗಳಕ್ಕೂ ಕರೆ ಬರುತ್ತದೆ. ಇಷ್ಟೆಲ್ಲದರಲ್ಲಿ ಬೆಳೆದ ಬ್ರ್ಯಾಂಡು ಅದೊಂದೇ.

ಬೋರ್ಡು ಏರಿದ ದಿನ ಅಣ್ಣನೂ ನಾನೂ ರಸ್ತೆಯಲ್ಲಿ ನಿಂತು ನೋಡಿದೆವು.

"ನನ್ನ ಗಿಳಿ ಸ್ವಲ್ಪ ದಪ್ಪ ಆಗೇತೇನೋ" ಎಂದ ಅಣ್ಣ.

"ಇಲ್ಲಣ್ಣಾ, ನಂದು ಸಣ್ಣದಾಗೇತಿ."

ಪೇಂಟರ ಏಣಿಯ ಮೇಲಿಂದಲೇ, "ತಿದ್ದಲೇನ್ರಿ?" ಎಂದು ಕೇಳಿದ. ಇರಲಿ ಬಿಡು ಎಂದೆ. ಅಣ್ಣತಮ್ಮಂದಿರ ಅಳತೆ ಸರಿಯಾಗಿಯೇ ಇತ್ತು.