ಸ್ಕ್ರೂ ಕಾಣದ ದೀಪ

ಸಂಜೆ ನಾಲ್ಕಕ್ಕೆ ವಯಸ್ಸಾದ ಹೆಂಗಸು ಸಿನ್ಯೋರಾ ಕೊಲ್ನಾಗಿಯವರ ನಡುಮನೆಯ ಬಲ್ಬು ಹೋಯಿತು. ಬೇರೆ ದೀಪವಾಗಿದ್ದರೆ ಇದೊಂದು ಸುದ್ದಿಯೇ ಅಲ್ಲ. ಆದರೆ ಆ ದೀಪವನ್ನು ರೂಪಿಸಿದವನು ಎದುರು ಬಾಗಿಲಿನ ಆರ್ಕಿಟೆಕ್ಟ್ ಎರ್ಮೆತೆ ವಾಲ್ಸೆಕ್ಕಿ.

ಉಕ್ಕಿನ ಕಂಬದ ಮೇಲೊಂದು ಗಾಜಿನ ಮೊಟ್ಟೆ. ಎಲ್ಲೂ ಒಂದು ಸ್ಕ್ರೂ ಕಾಣದು. ಅದಕ್ಕೇ ಬಹುಮಾನ ಬಂದಿತ್ತು, ಪತ್ರಿಕೆಗಳಲ್ಲಿ ಫೋಟೋ ಬಂದಿತ್ತು. ಬಾರದೇ ಇದ್ದದ್ದು ಕೆಲಸವೊಂದೇ. ಮೂರು ವರ್ಷಗಳಿಂದ ಮಿಲಾನಿನಲ್ಲಿ ಯಾರೂ ಅವನಿಂದ ಒಂದು ಸ್ಟೂಲನ್ನೂ ಮಾಡಿಸಿರಲಿಲ್ಲ. ಇವತ್ತು ಆರು ಗಂಟೆಗೆ ಕಟ್ಟಡದವರೆಲ್ಲ ಕೊಲ್ನಾಗಿಯವರ ಮನೆಯಲ್ಲೇ ಸೇರಿ, ಮೆಟ್ಟಿಲ ದೀಪಗಳ ಕೆಲಸವನ್ನು ಅವನಿಗೆ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವವರಿದ್ದರು.

"ಆರ್ಕಿಟೆಕ್ಟರೇ, ಒಂದು ನಿಮಿಷದ ಕೆಲಸ. ನೀವೇ ಮಾಡಿದ್ದಲ್ವಾ?" ಎಂದು ಕೊಲ್ನಾಗಿ ಹೊಸ ಬಲ್ಬನ್ನು ಅವನ ಕೈಗಿತ್ತರು.

ದೀಪದ ಮುಂದೆ ಮಂಡಿಯೂರಿದ ಮೇಲೆ ಎರ್ಮೆತೆಗೆ ನೆನಪಾಯಿತು: ನಕ್ಷೆಯಲ್ಲಿ ಬಲ್ಬು ಒಳಗೆ ಹೋಗುವ ದಾರಿಯನ್ನು ಬರೆಯಬೇಕಾದ ಕಡೆ "ಫ್ಯಾಕ್ಟರಿಯವರು ನೋಡಿಕೊಳ್ಳಲಿ" ಎಂದು ಗೀಚಿ ತಾನು ಊಟಕ್ಕೆ ಎದ್ದಿದ್ದ.

ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಔಷಧಿ ಕುಡಿಯಲೊಲ್ಲದ ಮಗುವಿನ ಬಾಯಿ ಬಿಡಿಸುವಂತೆ ಪುಸಲಾಯಿಸಿದ. ಅಷ್ಟರಲ್ಲಿ ಕಟ್ಟಡದ ಬಾಗಿಲು ಕಾಯುವ ದೆಲ್ಫೀನಾ ಹಾಜರಾದಳು.

"ಬಿಸಿನೀರು ಹಾಕಿ. ನಮ್ಮಮ್ಮ ಸಾಸಿನ ಬಾಟಲಿ ಹಾಗೇ ತೆಗೀತಿದ್ಲು."

"ಇದು ಬಾಟಲಿಯಲ್ಲ, ದೆಲ್ಫೀನಾ!"

"ಬಾಟಲಿ ಆಗಿದ್ರೆ ಏನಕ್ಕಾದ್ರೂ ಉಪಯೋಗಕ್ಕೆ ಬರ್ತಿತ್ತು."

ಮೇಲಿನ ಮಹಡಿಯ ನಿವೃತ್ತ ಲೆಕ್ಕಿಗ ಪೊತ್ಸೋಲಿ ಆಲಿವ್ ಎಣ್ಣೆ ತಂದು ಧಾರಾಳವಾಗಿ ಸುರಿದರು. ಮೊಟ್ಟೆಯನ್ನು ತಬ್ಬಿ ತಿರುಚಲು ಹೋದ ಎರ್ಮೆತೆ ಜಾರಿ ನೆಲಕ್ಕೆ ಕುಕ್ಕರಿಸಿದ. ದೀಪ ಮಾತ್ರ ಜಗ್ಗಲಿಲ್ಲ.

"ಸಾಕು, ಕಂಪನಿಗೇ ಕೇಳ್ತೀನಿ," ಎಂದು ಕೊಲ್ನಾಗಿ, ಎರ್ಮೆತೆ ಬೇಡ ಬೇಡ ಎನ್ನುತ್ತಿದ್ದರೂ ಫೋನು ತಿರುಗಿಸಿದರು. ಮಾತು ಮುಗಿಸಿ ಹೇಳಿದರು: "ಇದು ಇಡೀ ಇಟಲಿಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಂತೆ. ಇದೇ ಊರಲ್ಲಿದ್ದಾರಂತೆ, ಈಗಲೇ ಫೋನ್ ಮಾಡಿ ಕಳಿಸ್ತಾರಂತೆ."

ಎರಡು ನಿಮಿಷದಲ್ಲಿ ಎದುರು ಮನೆಯ ಫೋನು ಬಡಿದುಕೊಂಡಿತು. ಆಮೇಲೆ ಎರ್ಮೆತೆಯ ಹೆಂಡತಿ ಒತ್ತಾವಿಯಾ ಚಪ್ಪಲಿ ಎಳೆಯುತ್ತ ಬಂದಳು.

"ಇಲ್ಲಿದ್ದೀಯಾ? ಕಂಪನಿಯವರು ಫೋನ್ ಮಾಡಿದ್ರು. ಯಾವುದೋ ಮುದುಕಿ ನಿನ್ನ ದೀಪ ತೆಗೆಯೋಕಾಗದೆ ಒದ್ದಾಡ್ತಿದ್ದಾಳಂತೆ. ಹೋಗಿ ತೆಗೆದು ಕೊಡಬೇಕಂತೆ."

ಕೊಲ್ನಾಗಿಯವರ ಮುಖ ಕೆಂಪಾಯಿತು.

ಆರು ಗಂಟೆಗೆ ಅಡುಗೆಮನೆಯಿಂದ ಬಿದ್ದಷ್ಟು ಬೆಳಕಿನಲ್ಲೇ ಸಭೆ ಕೂತಿತು. ಎಣ್ಣೆ ಮೆತ್ತಿದ ಪ್ಯಾಂಟಿನಲ್ಲಿ ಎರ್ಮೆತೆ ಎದ್ದು ನಿಂತ. "ನಾನೇ ಹಿಂದೆ ಸರೀತೀನಿ. ನಾನು ದೀಪ ಮಾಡೋದು ಫೋಟೋಗೆ, ಬೆಳಕಿಗಲ್ಲ. ನಿಜ ಹೇಳ್ಬೇಕಂದ್ರೆ ಇದನ್ನ ನಮ್ಮನೇಲೂ ಇಟ್ಟಿಲ್ಲ."

"ಕೂತ್ಕೊಳ್ರೀ!" ಎಂದರು ಪೊತ್ಸೋಲಿ. "ಹೋದ ವರ್ಷ ಮೆಟ್ಟಿಲಲ್ಲಿ ಹದಿನೇಳು ಬಲ್ಬು ಕಳುವಾದ್ವು. ಮಾಡಿದವರಿಗೇ ತೆಗೆಯೋಕಾಗದ ದೀಪವನ್ನ ಯಾವ ಕಳ್ಳ ತೆಗೀತಾನೆ? ಇದೇ ಬೇಕು ನಮಗೆ!"

ಎಲ್ಲರ ಕೈ ಮೇಲೆದ್ದಿತು. ಎರ್ಮೆತೆಯ ಕಣ್ಣು ತುಂಬಿ ಬಂತು.

"ಒಂದೇ ಷರತ್ತು," ಎಂದರು ಕೊಲ್ನಾಗಿ, ತಣ್ಣಗೆ. "ಬಲ್ಬು ಹೋದಾಗಲೆಲ್ಲ ಬದಲಾಯಿಸೋದೂ ಇವರೇ. ಕಾಗದದಲ್ಲಿ ಬರೀರಿ. ಇವರು ಬದುಕಿರೋ ತನಕ."

ಐದು ಮಹಡಿ, ಇಪ್ಪತ್ತೆರಡು ದೀಪ. ಎರ್ಮೆತೆ ಪೆನ್ನು ಹಿಡಿದು ಹೆಂಡತಿಯ ಮುಖ ನೋಡಿದ.

"ಹಾಕು ಸಹಿ," ಎಂದಳು ಒತ್ತಾವಿಯಾ. "ಕೊನೆಗೂ ನಿನಗೊಂದು ಕಾಯಂ ಕೆಲಸ ಸಿಕ್ತಲ್ಲ."