ಕಟ್ಟದೆ ತಂದ ಸಾಮಾನು

ಜೀವಶಾಸ್ತ್ರದ ಮಾಸ್ತರರನ್ನು ಕಂಡರೆ ನನಗಾಗುವುದಿಲ್ಲ. ನಾನೂ ಅದೇ ಗುಂಪಿನವನಾದ್ದರಿಂದ ಈ ತಾತ್ಸಾರಕ್ಕೆ ನನಗೆ ಪೂರ್ತಿ ಹಕ್ಕಿದೆ. ಜೀವಕೋಶ ಎರಡಾಗುವಾಗ ವಂಶವಾಹಿಗಳ ಎಳೆಯೆಲ್ಲ ಬಿಗಿಯಾಗಿ ಸುತ್ತಿಕೊಂಡು ಕೆಲಸವೆಲ್ಲ ಬಂದ್ ಆಗುತ್ತದೆ ಎಂದು ಬಸವಕಲ್ಯಾಣದ ಕಾಲೇಜಿನಲ್ಲಿ ವರ್ಷಗಟ್ಟಲೆ ಒದರಿದವನು ನಾನು. ಹಾಗಾದರೆ ಹೊಸ ಕೋಶಕ್ಕೆ ತಾನು ಯಕೃತ್ತೋ ಚರ್ಮವೋ ಎಂಬ ನೆನಪು ಹೇಗೆ ಉಳಿಯುತ್ತದೆ ಎಂದು ಒಬ್ಬನೂ ಕೇಳಲಿಲ್ಲ, ಪರೀಕ್ಷೆಗೆ ಬರುವುದಿಲ್ಲವಲ್ಲ. ಎಲ್ಲವೂ ಬಿಗಿಯಾಗುವುದಿಲ್ಲವೆಂದು ಬಹಳ ತಡವಾಗಿ ಒಂದು ಪತ್ರಿಕೆಯಲ್ಲಿ ಓದಿದೆ. ಕೆಲವು ವಂಶವಾಹಿಗಳ ಬಳಿ ಪ್ರೋಟೀನುಗಳು ಗುರುತಿನಂತೆ ಅಂಟಿಕೊಂಡೇ ಇದ್ದು ಆ ಜಾಗವನ್ನು ಸಡಿಲವಾಗಿ ಇಟ್ಟಿರುತ್ತವಂತೆ. ವಿಭಜನೆ ಮುಗಿದದ್ದೇ ತಡ, ಆ ವಂಶವಾಹಿಗಳೇ ಮೊದಲು ಕೆಲಸ ಶುರು ಮಾಡುತ್ತವಂತೆ. ಅಷ್ಟರಲ್ಲಿ ನಮ್ಮ ಮನೆಯೇ ಎರಡಾಗಿ ಹೋಗಿತ್ತು.

ಮನೆ ಒಡೆಯಲು ಕಾರಣ ಒಂದೇ ಒಂದು ಮಾತು. ಮುಂಜಾನೆ ಕನ್ನಡಕ ಸಿಗದಿದ್ದರೆ ಅಪ್ಪ ತೊಡೆ ತಟ್ಟಿಕೊಂಡು, "ಈ ಮನ್ಯಾಗ ಒಂದಾದ್ರೂ ಸಾಮಾನು ಜಾಗಾದಾಗ ಇರ್ತದೇನು?" ಎಂದು ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಣ್ಣ ಈ ಆಸ್ತಿಯನ್ನು ಶ್ರದ್ಧೆಯಿಂದ ವಹಿಸಿಕೊಂಡ. ಅವನಿಗೆ ಕನ್ನಡಕವಿರಲಿಲ್ಲ, ಸ್ಕೂಟರಿನ ಚಾವಿಗಾಗಿ ಒದರಿದ. ಇಂಥ ಅನಾಗರಿಕರ ನಡುವೆ ಇರಲಾರೆನೆಂದು ನಾನು ಹುಮನಾಬಾದಿಗೆ ವರ್ಗ ಮಾಡಿಸಿಕೊಂಡೆ. ಹೆಂಡತಿ ಸುವರ್ಣಾ ಕೇಳಿದ್ದು ಇಷ್ಟೇ: "ಹೊಸ ಮನ್ಯಾಗ ನನಗ ಏನೂ ಬ್ಯಾಡ್ರಿ. ಮುಂಜಾನಿ ಒದರಾಟ ಇಲ್ದ ಒಂದು ಕಪ್ ಚಾ ಕುಡದರ ಸಾಕು."

ಸಾಮಾನು ಕಟ್ಟುವ ಕೆಲಸವನ್ನು ನಾನು ಶಾಸ್ತ್ರೋಕ್ತವಾಗಿ ಮಾಡಿದೆ. ಕೈಗೆ ಸಿಕ್ಕಿದ್ದೆಲ್ಲ ಗೋಣಿಚೀಲಕ್ಕೆ ಹೋಯಿತು, ಹಗ್ಗ ಬಿತ್ತು. ಇಳಿದ ಕೂಡಲೇ ಬೇಕಾಗುವ ನಾಲ್ಕು ಸಾಮಾನನ್ನು ಬೇರೆ ಚೀಲದಲ್ಲಿ ಇಟ್ಟುಕೊಳ್ಳೋಣವೆಂದು ಸುವರ್ಣಾ ಹೇಳಿದಾಗ, ವಿಭಜನೆಯಲ್ಲಿ ಹಾಗೆಲ್ಲ ನಡೆಯುವುದಿಲ್ಲ ಎಂದು ನಕ್ಕೆ. ಹುಮನಾಬಾದಿನಲ್ಲಿ ಟೆಂಪೋ ಇಳಿದೆವು. ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಿಸಬೇಕು. ನೋಡಲು ನೆರೆಮನೆಯ ಹೆಣ್ಣುಮಕ್ಕಳು ಬಂದು ನಿಂತಿದ್ದರು. ಹಾಲಿತ್ತು, ಒಲೆಯಿತ್ತು, ಬೆಂಕಿಪೆಟ್ಟಿಗೆ ಯಾವ ಗೋಣಿಯಲ್ಲಿದೆಯೋ ಗೊತ್ತಿಲ್ಲ. ಮೂರು ಗಂಟು ಬಿಚ್ಚುವಷ್ಟರಲ್ಲಿ ನನ್ನ ಕೈ ತಾನಾಗಿ ತೊಡೆಗೆ ಬಡಿಯಿತು.

"ಈ ಮನ್ಯಾಗ ಒಂದಾದ್ರೂ ಸಾಮಾನು ಜಾಗಾದಾಗ ಇರ್ತದೇನು?"

ಆ ಮನೆಗೆ ಕಾಲಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ. ಸುವರ್ಣಾಳ ಮುಖ ಸಣ್ಣದಾಯಿತು. ನೆರೆಮನೆಯಿಂದ ಬೆಂಕಿಪೆಟ್ಟಿಗೆ ತಂದು ಒಲೆ ಹಚ್ಚುತ್ತ ಮೆಲ್ಲಗೆ ಅಂದಳು: "ಎಲ್ಲಾ ಬಿಗದು ಕಟ್ಟೀರಿ. ಇದೊಂದು ಬಿಚ್ಚೇ ಇಟ್ಕೊಂಡು ಬಂದೀರಲ್ರಿ."

ಸಂಜೆ ಅತ್ತಿಗೆ ಫೋನ್ ಮಾಡಿದಳು. ನನ್ನ ಗೋಣಿಗಳಲ್ಲಿ ಅವರ ಮನೆಯ ಬೆಂಕಿಪೆಟ್ಟಿಗೆಯೂ ಸೇರಿ ಹೋಗಿತ್ತಂತೆ. ಬಸವಕಲ್ಯಾಣದಲ್ಲಿ ಅಣ್ಣನೂ ಬೆಳಗ್ಗೆಯಿಂದ ತೊಡೆ ತಟ್ಟಿಕೊಳ್ಳುತ್ತಿದ್ದನಂತೆ.

ಮರುದಿನ ಮುಂಜಾನೆ ಸುವರ್ಣಾ ಒದರಾಟವಿಲ್ಲದೆ ಚಹಾ ಕುಡಿದಳು. ನಾನು ಎದುರಿಗೆ ಕೂತು, ಪೇಪರನ್ನು ಮೂಗಿನ ಹತ್ತಿರ ಹಿಡಿದು ಓದುವವನಂತೆ ನಟಿಸಿದೆ. ನನ್ನ ಕನ್ನಡಕ ಇನ್ನೂ ಸಿಕ್ಕಿರಲಿಲ್ಲ.